ಮುಟ್ಟದ ಸಂಬಳ, ಬಿಡದ ಕೆಲಸ



ಸಂಜೆ ಕೆಲಸದಿಂದ ಮನೆಗೆ ಮರಳಿದ ಮಗನೋ ಮಗಳೋ ಚೀಲವನ್ನು ಮೂಲೆಗಿಟ್ಟು ಯಾರೊಂದಿಗೂ ಮಾತನಾಡದೆ ಕುಳಿತುಬಿಡುವ ದಿನಗಳು ನಿಮ್ಮ ಮನೆಯಲ್ಲಿಯೂ ಬಂದಿರಬಹುದು. ಏನಾಯಿತೆಂದು ಕೇಳಿದರೆ ಮೊದಲು 'ಏನಿಲ್ಲ' ಎಂಬ ಉತ್ತರ. ಊಟದ ಹೊತ್ತಿಗೆ ಮೆಲ್ಲನೆ ವಿಷಯ ಹೊರಬರುತ್ತದೆ. ತಾನು ತಿಂಗಳುಗಟ್ಟಲೆ ದುಡಿದು ಮುಗಿಸಿದ ಕೆಲಸಕ್ಕೆ ಮೇಲಿನವರು ತಮ್ಮ ಹೆಸರು ಹಾಕಿಕೊಂಡಿದ್ದಾರೆ. ತನ್ನ ನಂತರ ಸೇರಿದವರಿಗೆ ಬಡ್ತಿ ಸಿಕ್ಕಿದೆ. ಮಾಡುವ ಕೆಲಸ ಒಂದೇ ಆದರೂ ಪಕ್ಕದ ಮೇಜಿನವರ ಸಂಬಳ ಹೆಚ್ಚಾಗಿದೆ. ಕೂಡಲೇ ಮನೆಯ ಹಿರಿಯರಲ್ಲಿ ಎರಡು ಪಕ್ಷಗಳಾಗುತ್ತವೆ. 'ನಾಳೆಯೇ ರಾಜೀನಾಮೆ ಕೊಟ್ಟು ಬಾ' ಎನ್ನುತ್ತದೆ ಒಂದು ಪಕ್ಷ. 'ಎಲ್ಲಿ ಹೋದರೂ ಇದೇ ಪಾಡು, ಬಾಯಿ ಮುಚ್ಚಿಕೊಂಡು ಇದ್ದುಬಿಡು' ಎನ್ನುತ್ತದೆ ಮತ್ತೊಂದು.

ಈ ಎರಡು ಮಾತುಗಳಿಗೂ ಅವುಗಳದೇ ಆದ ಕಾರಣಗಳಿವೆ. ಹಿರಿಯರು ತಮ್ಮ ತಮ್ಮ ಅನುಭವದಿಂದಲೇ ಹಾಗೆ ನುಡಿಯುತ್ತಾರೆ. ಆದರೆ ಇವೆರಡನ್ನು ಬಿಟ್ಟು ಬೇರೆ ದಾರಿಗಳೂ ಇದ್ದವು ಎಂಬುದನ್ನು ನಮ್ಮ ದೇಶದ ಚರಿತ್ರೆ ತೋರಿಸುತ್ತದೆ. ಸುಮಾರು 140 ವರ್ಷಗಳ ಹಿಂದೆ ಕಲ್ಕತ್ತಾ ನಗರದ ಒಂದೇ ಕಾಲೇಜಿನಲ್ಲಿ ಇಬ್ಬರು ಅಧ್ಯಾಪಕರು ಒಂದೇ ಬಗೆಯ ಅನ್ಯಾಯವನ್ನು ಎದುರಿಸಿದರು. ಅವರು ಆಯ್ದುಕೊಂಡ ಮಾರ್ಗಗಳು ಬೇರೆ ಬೇರೆ. ಆ ಕಥೆಯನ್ನು ತಮ್ಮ ಮುಂದಿಡುವುದು ಈ ಬರಹದ ಉದ್ದೇಶ.

ಒಂದೇ ಪಾಠ, ಬೇರೆ ಬೇರೆ ವೇತನ

ಜಗದೀಶಚಂದ್ರ ಬೋಸರು ಹುಟ್ಟಿದ್ದು 1858ರ ನವೆಂಬರ್ 30ರಂದು, ಪೂರ್ವ ಬಂಗಾಳದಲ್ಲಿ. ತಂದೆ ಭಗವಾನ್ ಚಂದ್ರ ಬೋಸ್ ಬ್ರಿಟಿಷ್ ಸರ್ಕಾರದಲ್ಲಿ ಅಧಿಕಾರಿ. ಮಗ ಮೊದಲು ಮಾತೃಭಾಷೆಯಲ್ಲಿ ಕಲಿಯಬೇಕು, ಊರಿನ ಸಾಮಾನ್ಯರ ಮಕ್ಕಳ ಜೊತೆಯಲ್ಲಿ ಕುಳಿತು ಕಲಿಯಬೇಕು ಎಂಬುದು ಆ ತಂದೆಯ ಹಟ. ಆದ್ದರಿಂದ ಬಾಲಕನ ಆರಂಭದ ವಿದ್ಯಾಭ್ಯಾಸ ಬಂಗಾಳಿ ಶಾಲೆಯಲ್ಲಿ ನಡೆಯಿತು. ಅನಂತರ ಕಲ್ಕತ್ತಾದ ಸಂತ ಕ್ಸೇವಿಯರ್ ಕಾಲೇಜು. ಅಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದವರು ಬೆಲ್ಜಿಯಂ ದೇಶದಿಂದ ಬಂದಿದ್ದ ಯೇಸುಸಭೆಯ ಗುರು ಫಾದರ್ ಯುಜೀನ್ ಲಫೋಂ. ಪ್ರಯೋಗಗಳನ್ನು ಕಣ್ಣೆದುರು ಮಾಡಿ ತೋರಿಸಿ, ವಿಜ್ಞಾನದಲ್ಲಿ ಆಸಕ್ತಿ ಹುಟ್ಟಿಸುವುದರಲ್ಲಿ ಅವರಿಗೆ ದೊಡ್ಡ ಹೆಸರಿತ್ತು. ಅಲ್ಲಿಂದ ಇಂಗ್ಲೆಂಡಿಗೆ ಹೋದ ಬೋಸರು ಮೊದಲು ವೈದ್ಯಕೀಯ ಓದಲು ತೊಡಗಿದರು. ಜ್ವರದ ಬಾಧೆಯಿಂದ ಅದನ್ನು ಬಿಟ್ಟು ಕೇಂಬ್ರಿಜ್‌ನ ಕ್ರೈಸ್ಟ್ಸ್ ಕಾಲೇಜಿನಲ್ಲಿ ವಿಜ್ಞಾನ ಓದಿದರು. 1884ರಲ್ಲಿ ಪದವಿ ಪಡೆದು ಸ್ವದೇಶಕ್ಕೆ ಮರಳಿದರು.

ವೈಸರಾಯ್ ರಿಪನ್ ಅವರಿಗೆ ಬರೆದ ಪರಿಚಯಪತ್ರವೊಂದು ಅವರ ಕೈಯಲ್ಲಿತ್ತು. ಆದರೂ ಬಂಗಾಳದ ವಿದ್ಯಾ ಇಲಾಖೆ ಸುಲಭವಾಗಿ ಬಾಗಿಲು ತೆರೆಯಲಿಲ್ಲ. ಭಾರತೀಯರು ತತ್ತ್ವಶಾಸ್ತ್ರ, ಕಾವ್ಯಗಳಿಗೆ ಯೋಗ್ಯರೇ ಹೊರತು ಕರಾರುವಾಕ್ಕಾದ ವಿಜ್ಞಾನಗಳಿಗೆ ಯೋಗ್ಯರಲ್ಲ ಎಂಬ ಭಾವನೆ ಅಂದಿನ ಅನೇಕ ಇಂಗ್ಲಿಷ್ ಅಧಿಕಾರಿಗಳಲ್ಲಿ ಬೇರೂರಿತ್ತು. ಇಲಾಖೆಯ ನಿರ್ದೇಶಕರಾಗಿದ್ದ ಸರ್ ಆಲ್ಫ್ರೆಡ್ ಕ್ರಾಫ್ಟ್ ಮೊದಲು ಕೆಳದರ್ಜೆಯ ಹುದ್ದೆಯನ್ನಷ್ಟೇ ಮುಂದಿಟ್ಟರು. ಕೊನೆಗೆ 1885ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತವಿಜ್ಞಾನದ ಹಂಗಾಮಿ ಪ್ರಾಧ್ಯಾಪಕರಾಗಿ ನೇಮಕವಾಯಿತು.

ಸಂಬಳದ ಲೆಕ್ಕ ಹೀಗಿತ್ತು. ಆ ದರ್ಜೆಯಲ್ಲಿ ಯೂರೋಪಿಯನ್ ಪ್ರಾಧ್ಯಾಪಕನಿಗೆ ದೊರೆಯುವ ವೇತನದ ಮೂರರಲ್ಲಿ ಎರಡು ಪಾಲು ಭಾರತೀಯನಿಗೆ. ನೇಮಕ ಹಂಗಾಮಿ ಎಂಬ ಕಾರಣಕ್ಕೆ ಅದರಲ್ಲಿಯೂ ಅರ್ಧ ಕಡಿತ. ಅಂದರೆ ಪಕ್ಕದ ಕೋಣೆಯಲ್ಲಿ ಪಾಠ ಹೇಳುವ ಇಂಗ್ಲಿಷ್ ಪ್ರಾಧ್ಯಾಪಕನಿಗೆ 3 ರೂಪಾಯಿ ಸಿಕ್ಕಿದರೆ ಬೋಸರಿಗೆ 1 ರೂಪಾಯಿ.

26 ವರ್ಷದ ಆ ತರುಣ ಆಗ ತೆಗೆದುಕೊಂಡ ನಿರ್ಧಾರ ಎಲ್ಲರನ್ನೂ ಬೆರಗುಗೊಳಿಸಿತು. ಅವರು ರಾಜೀನಾಮೆ ಕೊಡಲಿಲ್ಲ. ಆದರೆ ಸಂಬಳವನ್ನು ಮುಟ್ಟಲೂ ಇಲ್ಲ. ತಿಂಗಳು ತಿಂಗಳೂ ಬಂದ ಹಣವನ್ನು ನಿರಾಕರಿಸುತ್ತಾ, ಪಾಠವನ್ನು ಮಾತ್ರ ಒಂದು ದಿನವೂ ತಪ್ಪಿಸದೆ, ಮೂರು ವರ್ಷ ದುಡಿದರು.

ಈ ಮೂರು ವರ್ಷ ಅವರ ಮನೆಯ ಸ್ಥಿತಿ ಹೇಗಿತ್ತು ಎಂಬುದನ್ನು ನಾವು ಮರೆಯಬಾರದು. ತಂದೆ ಜನರ ಏಳಿಗೆಗೆಂದು ಹಲವು ಉದ್ಯಮಗಳಲ್ಲಿ ಹಣ ತೊಡಗಿಸಿ ಸೋತು ಸಾಲಗಾರರಾಗಿದ್ದರು. ಅದರ ಭಾರ ಮಗನ ತಲೆಯ ಮೇಲಿತ್ತು. 1887ರಲ್ಲಿ ಅಬಲಾ ದಾಸ್ ಅವರೊಂದಿಗೆ ವಿವಾಹವಾಯಿತು. ಮದರಾಸಿನಲ್ಲಿ ವೈದ್ಯಕೀಯ ಓದಲು ಹೋಗಿದ್ದ ಧೈರ್ಯವಂತೆ ಆಕೆ. ಗಂಡ ಸಂಬಳ ತರದ ಮನೆಗೆ ಕಾಲಿಟ್ಟ ಆ ಹೆಣ್ಣುಮಗಳು ಮಿತವ್ಯಯದಲ್ಲಿ ಸಂಸಾರ ತೂಗಿಸಿದರು. ಬೋಸರ ಹೋರಾಟ ಎಂದು ನಾವು ಕರೆಯುವುದರಲ್ಲಿ ಅರ್ಧ ಪಾಲು ಈಕೆಯದು.

ಮೂರು ವರ್ಷಗಳ ಕೊನೆಗೆ ಕಾಲೇಜಿನ ಪ್ರಾಂಶುಪಾಲ ಟಾನಿ ಅವರೂ ನಿರ್ದೇಶಕ ಕ್ರಾಫ್ಟ್ ಅವರೂ ತಮ್ಮ ಅಭಿಪ್ರಾಯವನ್ನು ಬದಲಿಸಿಕೊಂಡರು. ಬೋಸರ ಬೋಧನೆಯ ಗುಣಮಟ್ಟವನ್ನು ಅವರು ಕಣ್ಣಾರೆ ಕಂಡಿದ್ದರು. ನೇಮಕ ಕಾಯಂ ಆಯಿತು, ಅದೂ ಸೇರಿದ ದಿನದಿಂದಲೇ ಅನ್ವಯವಾಗುವಂತೆ. ಮೂರು ವರ್ಷದ ಪೂರ್ಣ ವೇತನ ಒಟ್ಟಿಗೆ ಕೈಸೇರಿತು. ಆ ಹಣ ತಂದೆಯ ಸಾಲ ತೀರಿಸಲು ಹೋಯಿತು.

ಆದರೆ ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಬದಲಾದದ್ದು ಒಬ್ಬ ವ್ಯಕ್ತಿಯ ಸಂಬಳ. ವ್ಯವಸ್ಥೆ ಬದಲಾಗಲಿಲ್ಲ. 1886ರಲ್ಲಿ ಸರ್ ಚಾರ್ಲ್ಸ್ ಐಚಿಸನ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಆಯೋಗ ಸರ್ಕಾರಿ ಸೇವೆಗಳನ್ನು ಸಾಮ್ರಾಜ್ಯ ಸೇವೆ, ಪ್ರಾಂತೀಯ ಸೇವೆ, ಅಧೀನ ಸೇವೆ ಎಂದು ವಿಂಗಡಿಸಲು ಶಿಫಾರಸು ಮಾಡಿತು. 1896ರಲ್ಲಿ ವಿದ್ಯಾ ಇಲಾಖೆಯಲ್ಲಿಯೂ ಈ ವಿಂಗಡಣೆ ಜಾರಿಗೆ ಬಂತು. ಮೇಲಿನ ಸೇವೆ ಬಹುಮಟ್ಟಿಗೆ ಯೂರೋಪಿಯನ್ನರ ಪಾಲಾಯಿತು. ಇಲ್ಲಿಯೇ ನೇಮಕಗೊಂಡ ಭಾರತೀಯರಿಗೆ ಪ್ರಾಂತೀಯ ಸೇವೆ. ಒಬ್ಬ ಬೋಸರಿಗೆ ತೆರೆದ ಬಾಗಿಲು ಅವರ ಹಿಂದೆ ಬಂದವರಿಗೆ ಮತ್ತೆ ಮುಚ್ಚಿಕೊಂಡಿತು.

ಬೇರೆ ದಾರಿ ನೋಡಿಕೊಳ್ಳಿ ಎಂದಾಗ

ಹಾಗೆ ಹಿಂದೆ ಬಂದವರಲ್ಲಿ ಪ್ರಫುಲ್ಲಚಂದ್ರ ರಾಯ್ ಒಬ್ಬರು. 1861ರಲ್ಲಿ ಜನಿಸಿದ ಇವರು ಗಿಲ್‌ಕ್ರಿಸ್ಟ್ ವಿದ್ಯಾರ್ಥಿವೇತನ ಪಡೆದು ಎಡಿನ್‌ಬರೋಗೆ ಹೋಗಿ, ರಸಾಯನಶಾಸ್ತ್ರದಲ್ಲಿ 1887ರಲ್ಲಿ ಡಾಕ್ಟರೇಟ್ ಗಳಿಸಿದರು. 1888ರಲ್ಲಿ ಊರಿಗೆ ಬಂದರೆ ಕೆಲಸವೇ ಇಲ್ಲ. ಸುಮಾರು ಒಂದು ವರ್ಷ ಕೈಕಟ್ಟಿ ಕುಳಿತುಕೊಳ್ಳಬೇಕಾದ ಆ ದಿನಗಳಲ್ಲಿ ಅವರಿಗೆ ಆಸರೆಯಾದವರು ಬೇರೆ ಯಾರೂ ಅಲ್ಲ, ಜಗದೀಶಚಂದ್ರ ಬೋಸ್ ಮತ್ತು ಅಬಲಾ ಬೋಸ್ ದಂಪತಿ. ಆ ಮನೆಯ ಒಡನಾಟದಲ್ಲಿದ್ದುಕೊಂಡು ರಾಯ್ ಅವರು ಗಿಡಮೂಲಿಕೆಗಳನ್ನು ಸಂಗ್ರಹಿಸುತ್ತಾ ಸಸ್ಯಶಾಸ್ತ್ರ ಓದಿಕೊಂಡರು. ನಿರುದ್ಯೋಗದ ಕಾಲವನ್ನು ಅವರು ವ್ಯರ್ಥ ಮಾಡಲಿಲ್ಲ ಎಂಬುದನ್ನು ಗಮನಿಸಿರಿ.

1889ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ತಾತ್ಕಾಲಿಕ ಸಹಾಯಕ ಪ್ರಾಧ್ಯಾಪಕ ಹುದ್ದೆ ದೊರೆಯಿತು. ಸಂಬಳ ತಿಂಗಳಿಗೆ 250 ರೂಪಾಯಿ. ತಮ್ಮಷ್ಟೇ ವಿದ್ಯೆಯುಳ್ಳ ಇಂಗ್ಲಿಷರು ಮೇಲಿನ ದರ್ಜೆಯಲ್ಲಿ ಹಲವು ಪಟ್ಟು ಹೆಚ್ಚು ವೇತನಕ್ಕೆ ಸೇರುತ್ತಿದ್ದುದನ್ನು ನೋಡಿ ಅವರು ನಿರ್ದೇಶಕ ಕ್ರಾಫ್ಟ್ ಅವರನ್ನೇ ಕಂಡು ಅಹವಾಲು ಹೇಳಿಕೊಂಡರು. ಸಿಟ್ಟಾದ ಕ್ರಾಫ್ಟ್, ಈ ಕೆಲಸಕ್ಕೆ ಸೇರೆಂದು ಯಾರೂ ಬಲವಂತ ಮಾಡಿಲ್ಲ, ಬದುಕಲು ಬೇರೆ ದಾರಿಗಳೂ ಇವೆ ಎಂಬರ್ಥದ ಉತ್ತರ ಕೊಟ್ಟರೆಂದು ರಾಯ್ ತಮ್ಮ ಆತ್ಮಕಥೆಯಲ್ಲಿ ನೆನೆಸಿಕೊಂಡಿದ್ದಾರೆ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ರಾಯ್ ಅವರು ಸಂಬಳ ನಿರಾಕರಿಸಲಿಲ್ಲ. ಕೆಲಸವನ್ನೂ ಬಿಡಲಿಲ್ಲ. ಆದರೆ ಆ ಅಧಿಕಾರಿ ತಾತ್ಸಾರದಿಂದ ಆಡಿದ ಮಾತನ್ನು ಅವರು ಬೇರೆ ರೀತಿಯಲ್ಲಿ ನಿಜಮಾಡಿ ತೋರಿಸಿದರು. ಪದವಿ ಪಡೆದ ಬಂಗಾಳಿ ತರುಣರೆಲ್ಲ ಸರ್ಕಾರಿ ಗುಮಾಸ್ತಗಿರಿಯ ಹಿಂದೆ ಓಡುತ್ತಿರುವುದು ಅವರ ಮನಸ್ಸನ್ನು ಮೊದಲಿನಿಂದಲೂ ಕೊರೆಯುತ್ತಿತ್ತು. 1892ರಲ್ಲಿ ಕಲ್ಕತ್ತಾದ ಅಪ್ಪರ್ ಸರ್ಕ್ಯುಲರ್ ರಸ್ತೆಯ ಬಾಡಿಗೆ ಮನೆಯಲ್ಲಿ, ಏಳೆಂಟು ನೂರು ರೂಪಾಯಿಗಳ ಬಂಡವಾಳದಿಂದ, ಔಷಧ ಹಾಗೂ ರಾಸಾಯನಿಕಗಳನ್ನು ತಯಾರಿಸುವ ಸಣ್ಣ ಕಾರ್ಖಾನೆಯನ್ನು ತೆರೆದರು. ಅದೇ ಮುಂದೆ ಹೆಸರಾದ ಬೆಂಗಾಲ್ ಕೆಮಿಕಲ್ಸ್.

ಹಗಲೆಲ್ಲ ಕಾಲೇಜಿನ ಪಾಠ, ಪ್ರಯೋಗಾಲಯದ ಕೆಲಸ. ಸಂಜೆ ಕಾರ್ಖಾನೆಯ ಲೆಕ್ಕ, ಔಷಧಗಳ ತಯಾರಿಕೆ. ಆರಂಭದ ತೊಂದರೆಗಳನ್ನು ಕೇಳಿದರೆ ಇಂದು ನಗು ಬರುತ್ತದೆ. ಫಾಸ್ಫೇಟ್ ತಯಾರಿಸಲು ಕಟುಕರಿಂದ ದನದ ಮೂಳೆಗಳನ್ನು ತರಿಸಿ ಮನೆಯ ಮಾಳಿಗೆಯ ಮೇಲೆ ಒಣಹಾಕಿದರು. ಮಳೆ ಬಂದು ಮೂಳೆಗಳು ಕೊಳೆತು ನಾರತೊಡಗಿದವು. ಕಾಗೆಗಳು ಅವನ್ನು ಅಕ್ಕಪಕ್ಕದ ಮನೆಗಳ ಮೇಲೆ ಬೀಳಿಸಿದವು. ನೆರೆಯವರು ಜಗಳಕ್ಕೆ ಬಂದರು. ಕೊನೆಗೆ ಊರಾಚೆಯ ಬಯಲಿನಲ್ಲಿ ರಾತ್ರಿ ಮೂಳೆ ಸುಡಲು ಹೋದರೆ, ಯಾರದೋ ಹೆಣ ಸುಡುತ್ತಿದ್ದಾರೆಂದು ಪೊಲೀಸರು ಬಂದು ನಿಂತರು! ಎಡಿನ್‌ಬರೋ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದವರು ಇದನ್ನು ಅವಮಾನವೆಂದು ಎಣಿಸಲಿಲ್ಲ.

1901ರಲ್ಲಿ ಈ ಸಂಸ್ಥೆ ಲಿಮಿಟೆಡ್ ಕಂಪನಿಯಾಯಿತು. ನೂರಾರು ಜನರಿಗೆ ಅನ್ನ ಕೊಟ್ಟಿತು. 1980ರಲ್ಲಿ ರಾಷ್ಟ್ರೀಕರಣಗೊಂಡಿತು. ಇದೆಲ್ಲದರ ನಡುವೆ ರಾಯ್ ಅವರ ಸಂಶೋಧನೆಯಾಗಲಿ ಬೋಧನೆಯಾಗಲಿ ಸೊರಗಲಿಲ್ಲ. ಪಾದರಸದ ನೈಟ್ರೈಟ್ ಕುರಿತ ಅವರ ಕೆಲಸ 1896ರ ವೇಳೆಗೆ ಪ್ರಸಿದ್ಧವಾಯಿತು. ಪ್ರಾಚೀನ ಭಾರತದ ರಸಾಯನಶಾಸ್ತ್ರದ ಇತಿಹಾಸವನ್ನು ಅವರು ಎರಡು ಸಂಪುಟಗಳಲ್ಲಿ ಬರೆದರು; ಮೊದಲನೆಯದು 1902ರಲ್ಲಿ ಹೊರಬಂತು. 1916ರಲ್ಲಿ ಸರ್ಕಾರಿ ಕಾಲೇಜಿನಿಂದ ನಿವೃತ್ತರಾದಾಗ ಸರ್ ಅಶುತೋಷ ಮುಖರ್ಜಿಯವರು ಕಟ್ಟುತ್ತಿದ್ದ ವಿಶ್ವವಿದ್ಯಾನಿಲಯದ ವಿಜ್ಞಾನ ಕಾಲೇಜು ಅವರಿಗಾಗಿ ಕಾದಿತ್ತು. ದಾನಿಗಳ ಹಣದಿಂದ ಸ್ಥಾಪನೆಯಾಗಿದ್ದ ಅಲ್ಲಿನ ಪಾಲಿತ್ ಪೀಠವನ್ನು ಭಾರತೀಯರಿಗೇ ಕೊಡಬೇಕೆಂಬುದು ದಾನದ ಷರತ್ತಾಗಿತ್ತು. 60 ವರ್ಷ ತುಂಬಿದ ಮೇಲೆ ರಾಯ್ ತಮ್ಮ ಸಂಬಳವನ್ನು ವಿಶ್ವವಿದ್ಯಾನಿಲಯಕ್ಕೇ ಬಿಟ್ಟುಕೊಟ್ಟು ದುಡಿದರು. ಸಂಬಳದ ಅನ್ಯಾಯವನ್ನು ಪ್ರತಿಭಟಿಸಿದ ವ್ಯಕ್ತಿ ಹಣದಾಸೆಯಿಂದ ಹಾಗೆ ಮಾಡಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅವರ ಶಿಷ್ಯರಲ್ಲಿ ಒಬ್ಬರಾದ ಜ್ಞಾನಚಂದ್ರ ಘೋಷ್ 1939ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬಂದರು. ಭಾರತೀಯನಿಗೆ ವಿಜ್ಞಾನ ಬಾರದೆಂಬ ಹಳೆಯ ಮಾತಿಗೆ ಗುರು ಕೊಟ್ಟ ಉತ್ತರ ಶಿಷ್ಯರಲ್ಲಿ ಮುಂದುವರಿದದ್ದು ಹೀಗೆ.

ದೀರ್ಘಕಾಲದ ಸಿದ್ಧತೆ

ಮತ್ತೆ ಬೋಸರ ಕಡೆಗೆ ಬರೋಣ. ಸಂಬಳದ ತೊಡಕು ನಿವಾರಣೆಯಾದರೂ ಅವರಿಗೆ ಪ್ರಯೋಗಾಲಯ ಸಿಗಲಿಲ್ಲ. ಅಧ್ಯಾಪಕನ ಕೆಲಸ ಪಾಠ ಹೇಳುವುದು, ಸಂಶೋಧನೆ ಅವನ ಸ್ವಂತ ಹವ್ಯಾಸ ಎಂಬುದು ಅಧಿಕಾರಿಗಳ ನಿಲುವು. 1894ರಲ್ಲಿ, ತಮ್ಮ ಹುಟ್ಟುಹಬ್ಬದ ದಿನ, ಇನ್ನು ಮುಂದಿನ ಬಾಳನ್ನು ಸಂಶೋಧನೆಗೆ ಮೀಸಲಿಡುವೆನೆಂದು ಅವರು ಸಂಕಲ್ಪ ಮಾಡಿದರು. ಕಾಲೇಜಿನ ಒಂದು ಪುಟ್ಟ ಕೋಣೆಯಲ್ಲಿ, ಸ್ವಂತ ದುಡ್ಡಿನಲ್ಲಿ, ತಗಡಿನ ಕೆಲಸ ಮಾಡುವ ಒಬ್ಬ ಕುಶಲಕರ್ಮಿಯಿಂದ ಉಪಕರಣಗಳನ್ನು ಮಾಡಿಸಿಕೊಂಡರು. ಅಲ್ಲಿ ಹುಟ್ಟಿದ್ದು ಕೆಲವೇ ಮಿಲಿಮೀಟರ್ ಉದ್ದದ ವಿದ್ಯುತ್ಕಾಂತ ಅಲೆಗಳು. ಗೋಡೆಗಳನ್ನು ದಾಟಿ ಹೋದ ಆ ಅಲೆಗಳು ದೂರದಲ್ಲಿದ್ದ ಗಂಟೆಯನ್ನು ಬಾರಿಸಿದ್ದನ್ನು ಕಲ್ಕತ್ತಾದ ಜನ ಕಂಡು ಬೆರಗಾದರು. 1897ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಅವರ ಉಪನ್ಯಾಸ ನಡೆಯಿತು.

ಅದೇ ವರ್ಷ ಲಾರ್ಡ್ ಕೆಲ್ವಿನ್ ಮೊದಲಾದ ಬ್ರಿಟಿಷ್ ವಿಜ್ಞಾನಿಗಳು, ಕಲ್ಕತ್ತಾದಲ್ಲಿ ಒಳ್ಳೆಯ ಪ್ರಯೋಗಾಲಯ ಸ್ಥಾಪಿಸಬೇಕೆಂದು ಭಾರತ ಸಚಿವರಿಗೆ ಬರೆದು ಕೇಳಿಕೊಂಡರು. ಕಡತಗಳು ಓಡಾಡಿದವು, ವರ್ಷಗಳು ಉರುಳಿದವು. ಬೋಸರು ಕಾಯುತ್ತಾ ಕೂಡಲಿಲ್ಲ. ತಮ್ಮದೇ ಆದ ಸಂಶೋಧನಾ ಮಂದಿರ ಕಟ್ಟುವ ಕನಸನ್ನು ಮನಸ್ಸಿನಲ್ಲಿಟ್ಟುಕೊಂಡು, ಗಂಡಹೆಂಡಿರಿಬ್ಬರೂ ಸರಳವಾಗಿ ಬಾಳುತ್ತಾ ಹಣ ಕೂಡಿಡತೊಡಗಿದರು. 1915ರಲ್ಲಿ ಕಾಲೇಜಿನಿಂದ ನಿವೃತ್ತಿ. 1917ರ ನವೆಂಬರ್ 30ರಂದು, ಅವರು 59 ವರ್ಷ ಪೂರೈಸಿದ ದಿನ, ಬೋಸ್ ಸಂಶೋಧನಾ ಮಂದಿರದ ಬಾಗಿಲು ತೆರೆಯಿತು. 1920ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಒಲಿದು ಬಂತು. ಆ ಪುಟ್ಟ ಕೋಣೆಯ ಪ್ರಯೋಗಗಳನ್ನು ವಿದ್ಯುತ್ ಎಂಜಿನಿಯರರ ಅಂತಾರಾಷ್ಟ್ರೀಯ ಸಂಸ್ಥೆಯೊಂದು 2012ರಲ್ಲಿ ತಂತ್ರಜ್ಞಾನದ ಮೈಲಿಗಲ್ಲೆಂದು ಗುರುತಿಸಿತು.

ಮುಂದಿನ ಹೆಜ್ಜೆಯ ಸಿದ್ಧತೆ ಎಂದರೆ ಪತ್ರಿಕೆಯಲ್ಲಿ ಜಾಹೀರಾತು ನೋಡಿ ಅರ್ಜಿ ಹಾಕುವುದೊಂದೇ ಎಂದು ನಾವು ಭಾವಿಸುತ್ತೇವೆ. ಬೋಸರ ಸಿದ್ಧತೆಗೆ ಎರಡು ದಶಕಗಳು ಹಿಡಿದವು.

ಕನ್ನಂಬಾಡಿಗೆ ಬಂದ ದಾರಿ

ನಮ್ಮ ನಾಡಿನ ಸರ್ ಎಂ. ವಿಶ್ವೇಶ್ವರಯ್ಯನವರ ಕಥೆಯೂ ಇದೇ ಕಾಲದ್ದು, ಇಂಥದೇ ವ್ಯವಸ್ಥೆಯದು. 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರಾಗಿ ಸೇರಿದ ಅವರು ಸುಕ್ಕೂರಿನ ನೀರು ಸರಬರಾಜು, ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದ ಸ್ವಯಂಚಾಲಿತ ಬಾಗಿಲುಗಳು, ಏಡನ್ ನಗರದ ನೀರಿನ ಯೋಜನೆ ಹೀಗೆ ಒಂದರ ಮೇಲೊಂದು ಕೆಲಸ ಮಾಡಿ ಹೆಸರು ಗಳಿಸಿದರು. ಆದರೆ ಮುಖ್ಯ ಎಂಜಿನಿಯರರ ಪೀಠಕ್ಕೆ ಭಾರತೀಯನೊಬ್ಬ ಏರುವುದು ಅಂದು ಸುಲಭವಿರಲಿಲ್ಲ. 1908ರಲ್ಲಿ, ಅವಧಿ ಮುಗಿಯುವ ಮೊದಲೇ, ಅವರು ಸ್ವಇಚ್ಛೆಯಿಂದ ನಿವೃತ್ತರಾದರು. ಯಾರನ್ನೂ ದೂಷಿಸುತ್ತಾ ಕೂಡದೆ, ತಮ್ಮ ಖರ್ಚಿನಲ್ಲಿ ವಿದೇಶ ಪ್ರವಾಸ ಕೈಗೊಂಡು ಹೊಸ ವಿಚಾರಗಳನ್ನು ನೋಡಿ ತಿಳಿದರು. ಅದೇ ವರ್ಷ ಮೂಸಿ ನದಿಯ ಪ್ರವಾಹದಿಂದ ಹೈದರಾಬಾದು ತತ್ತರಿಸಿದಾಗ ನಿಜಾಮ ಸರ್ಕಾರ ಅವರ ನೆರವು ಕೋರಿತು. 1909ರ ನವೆಂಬರಿನಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾದರು. ಕೈಗಾರಿಕೆ ಮತ್ತು ತಾಂತ್ರಿಕ ಶಿಕ್ಷಣಕ್ಕೆ ಅವಕಾಶವಿರುವುದೇ ಎಂದು ಕೇಳಿ ತಿಳಿದ ಮೇಲೆಯೇ ಅವರು ಒಪ್ಪಿಕೊಂಡರು. ಬಿಟ್ಟು ಬಂದದ್ದಕ್ಕಿಂತ ಹೋಗಿ ಸೇರುವ ಜಾಗ ಎಂಥದು ಎಂಬ ವಿಚಾರ ಅವರಿಗೆ ಮುಖ್ಯವಾಗಿತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು. 1912ರಲ್ಲಿ ಅವರು ದಿವಾನರಾದರು.

ಈ ಕಥೆಯ ಇನ್ನೊಂದು ಮುಖವನ್ನೂ ಮರೆಮಾಚಬಾರದು. ಮೈಸೂರಿನ ಸರ್ಕಾರಿ ಹುದ್ದೆಗಳಲ್ಲಿ ತಮಗೆ ಪಾಲಿಲ್ಲವೆಂದು ಹಿಂದುಳಿದ ಸಮುದಾಯಗಳು ದನಿಯೆತ್ತಿದಾಗ, 1918ರಲ್ಲಿ ಮಹಾರಾಜರ ಸರ್ಕಾರ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಹುದ್ದೆಗಳನ್ನು ಮೀಸಲಿಡುವ ಈ ನೀತಿಯನ್ನು ವಿಶ್ವೇಶ್ವರಯ್ಯನವರು ಒಪ್ಪಲಿಲ್ಲ. ಅದೇ ವರ್ಷ ದಿವಾನಗಿರಿಯನ್ನು ಬಿಟ್ಟರು. ದಕ್ಷತೆಯೇ ಮುಖ್ಯವೆಂಬುದು ಅವರ ಪ್ರಾಮಾಣಿಕ ನಂಬಿಕೆ. ಆದರೂ, ಮುಚ್ಚಿದ ಬಾಗಿಲಿನ ಮುಂದೆ ನಿಂತ ಅನುಭವವಿದ್ದವರಿಗೂ ಬೇರೆಯವರ ಮುಂದೆ ಮುಚ್ಚಿರುವ ಬಾಗಿಲು ತಾನಾಗಿಯೇ ಕಾಣುವುದಿಲ್ಲ ಎಂಬುದನ್ನು ಈ ಪ್ರಸಂಗ ನೆನಪಿಸುತ್ತದೆ. ಇಂದು ಅನ್ಯಾಯಕ್ಕೊಳಗಾದ ನಾವು ನಾಳೆ ಮೇಲಿನ ಕುರ್ಚಿಯಲ್ಲಿ ಕುಳಿತಾಗ, ನಮ್ಮ ಕೈಕೆಳಗಿನವರಿಗೆ, ಮನೆಗೆಲಸಕ್ಕೆ ಬರುವ ತಾಯಿಗೆ, ತೋಟದ ಆಳಿಗೆ ಎಂಥ ಕೂಲಿ ಕೊಡುತ್ತೇವೆ ಎಂಬ ಪ್ರಶ್ನೆಯೂ ಇದರೊಡನೆಯೇ ಬರುತ್ತದೆ.

ನಮ್ಮ ಮನೆಯ ಮಾತು

ಓದುಗರೇ, ನೀವು ಒಂದು ಆಕ್ಷೇಪ ಎತ್ತಬಹುದು. ಇವರೆಲ್ಲ ವಿದೇಶದ ಪದವಿ, ದೊಡ್ಡವರ ಪರಿಚಯ, ಅಸಾಧಾರಣ ಪ್ರತಿಭೆ ಇದ್ದವರು; ತಿಂಗಳ ಕಂತು, ಮಕ್ಕಳ ಶಾಲೆಯ ಶುಲ್ಕ, ವಯಸ್ಸಾದ ತಂದೆತಾಯಿಯರ ಔಷಧದ ಖರ್ಚು ಹೊತ್ತ ಸಾಮಾನ್ಯ ನೌಕರ ಮೂರು ವರ್ಷ ಸಂಬಳವಿಲ್ಲದೆ ಇರಲು ಸಾಧ್ಯವೇ? ಆಕ್ಷೇಪ ನ್ಯಾಯವಾದದ್ದೇ. ಬೋಸರ ಮಾರ್ಗವನ್ನು ಎಲ್ಲರೂ ಅನುಕರಿಸಲಾಗದು, ಅನುಕರಿಸಬೇಕೆಂದು ಯಾರೂ ಹೇಳಬಾರದು. ರಾಯ್ ಅವರೇ ಅದನ್ನು ಅನುಕರಿಸಲಿಲ್ಲವಲ್ಲ. ತನ್ನ ಪರಿಸ್ಥಿತಿಗೆ, ತನ್ನ ಕುಟುಂಬದ ಶಕ್ತಿಗೆ ಹೊಂದುವ ಮಾರ್ಗವನ್ನು ಪ್ರತಿಯೊಬ್ಬರೂ ತಾವೇ ಹುಡುಕಿಕೊಳ್ಳಬೇಕು.

ಆದರೂ ಮೂವರಲ್ಲಿ ಸಮಾನವಾದ ಕೆಲವು ಅಂಶಗಳುಂಟು. ಅನ್ಯಾಯವನ್ನು ಅನ್ಯಾಯವೆಂದೇ ಅವರು ಗುರುತಿಸಿದರು. ತಮ್ಮ ಯೋಗ್ಯತೆಯೇ ಕಡಿಮೆಯಿರಬೇಕೆಂದು ಕುಗ್ಗಲಿಲ್ಲ. ಹೇಳಬೇಕಾದವರ ಮುಂದೆ ನೇರವಾಗಿ ಹೇಳಿದರು, ಇಲ್ಲವೇ ನಡೆಯಿಂದ ತೋರಿಸಿದರು. ಮೇಲಧಿಕಾರಿಯ ಮೇಲಿನ ಸಿಟ್ಟನ್ನು ವಿದ್ಯಾರ್ಥಿಗಳ ಮೇಲಾಗಲಿ ಕೆಲಸದ ಮೇಲಾಗಲಿ ತೀರಿಸಿಕೊಳ್ಳಲಿಲ್ಲ. ಬೋಸರು ಆ ಮೂರು ವರ್ಷ ಅರೆಮನಸ್ಸಿನಿಂದ ಪಾಠ ಹೇಳಿದ್ದರೆ ಅಧಿಕಾರಿಗಳ ಪೂರ್ವಾಗ್ರಹವೇ ನಿಜವೆಂದು ದಾಖಲಾಗುತ್ತಿತ್ತು. ಮುಖ್ಯವಾಗಿ, ಇರುವ ಕೆಲಸದಲ್ಲಿದ್ದುಕೊಂಡೇ ಮುಂದಿನದಕ್ಕೆ ಬೇಕಾದ ಕಲಿಕೆ, ಹಣ, ಸ್ನೇಹ ಇವುಗಳನ್ನು ಮೆಲ್ಲಮೆಲ್ಲನೆ ಕೂಡಿಸಿಕೊಂಡರು.

ಇಂದು ನಮಗಿರುವ ಅನುಕೂಲಗಳು ಅವರಿಗಿರಲಿಲ್ಲ. ಸಮಾನ ಕೆಲಸಕ್ಕೆ ಸಮಾನ ವೇತನ ನಮ್ಮ ಸಂವಿಧಾನದ 39ನೇ ವಿಧಿಯಲ್ಲಿ ರಾಜ್ಯನೀತಿಯ ತತ್ತ್ವವಾಗಿ ಸೇರಿದೆ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲೆ ನಡೆಯುವ ಲೈಂಗಿಕ ಕಿರುಕುಳದ ವಿರುದ್ಧ 2013ರಿಂದ ಪ್ರತ್ಯೇಕ ಕಾನೂನಿದೆ. ಅಂಥ ಪ್ರಸಂಗಗಳಲ್ಲಿ 'ಸಹಿಸಿಕೋ' ಎಂದು ಮಗಳಿಗೆ ಹೇಳುವುದು ತಾಳ್ಮೆಯ ಬೋಧನೆಯಾಗದು; ಅದು ನಮ್ಮ ಹೊಣೆಯಿಂದ ನಾವು ಜಾರಿಕೊಂಡಂತೆ. ನಡೆದದ್ದನ್ನು ದಿನಾಂಕ ಸಹಿತ ಬರೆದಿಟ್ಟುಕೊಳ್ಳಲು, ಲಿಖಿತ ದೂರು ಕೊಡಲು, ಬಲ್ಲವರ ಸಲಹೆ ಪಡೆಯಲು ಮನೆಯವರು ಬೆನ್ನಿಗೆ ನಿಲ್ಲಬೇಕು.

ಕೊನೆಯದಾಗಿ ಮತ್ತೆ ಆ ಊಟದ ಹೊತ್ತಿಗೆ ಬರೋಣ. ಕೆಲಸವಿಲ್ಲದೆ ಬಂದ ರಾಯ್ ಅವರಿಗೆ ಬೋಸ್ ದಂಪತಿ ತಮ್ಮ ಮನೆಯ ಬಾಗಿಲು ತೆರೆದಿದ್ದರು. ಸಂಬಳ ತರದ ಗಂಡನನ್ನು ಅಬಲಾ ಬೋಸ್ ಹೀಯಾಳಿಸಲಿಲ್ಲ. ನಮ್ಮ ಧರ್ಮಕೇಂದ್ರದ ಕುಟುಂಬಗಳಲ್ಲಿ ಇಂದು ಯಾವುದೋ ಒಬ್ಬ ತರುಣ ಇಂಥದೇ ಸಂಕಟದಲ್ಲಿ ತುತ್ತು ನುಂಗಲಾರದೆ ಕುಳಿತಿರಬಹುದು. ಬಿಟ್ಟು ಬಾ ಎನ್ನುವುದಕ್ಕೂ ಸಹಿಸಿಕೋ ಎನ್ನುವುದಕ್ಕೂ ಮೊದಲು, ಏನು ನಡೆಯಿತೆಂದು ಅವನ ಬಾಯಿಂದ ಪೂರ್ತಿಯಾಗಿ ಕೇಳಿರಿ. ಮುಂದೆ ಏನು ಮಾಡಬೇಕೆಂದಿದ್ದೀಯ ಎಂದು ಕೇಳಿರಿ. ಅದಕ್ಕೆ ಎಷ್ಟು ಕಾಲ ಬೇಕು, ಎಷ್ಟು ಹಣ ಬೇಕು, ಅಷ್ಟರವರೆಗೆ ಮನೆ ಹೇಗೆ ನಡೆಯಬೇಕು ಎಂದು ಎಲ್ಲರೂ ಕೂಡಿ ಲೆಕ್ಕ ಹಾಕಿರಿ. ಆ ರಾತ್ರಿ ಅವನು ಊಟ ಮುಗಿಸಿ ನೆಮ್ಮದಿಯಿಂದ ಮಲಗಬಲ್ಲ.